ಮನೆಯ ನಾಯಿಗೂ ಒಂದು ಉದ್ಯೋಗ

ನಾವು ಕಚೇರಿಗೆ, ಮಕ್ಕಳು ಶಾಲೆಗೆ ಹೊರಟೊಡನೆ ಎರಡು ಕೋಣೆಯ ಮನೆಯಲ್ಲಿ ಉಳಿಯುವುದು ನಾಯಿಯೊಂದೇ. ಸಾಯಂಕಾಲ ಬಂದು ನೋಡಿದರೆ ಚಪ್ಪಲಿ ಚೂರುಚೂರು, ನಾವು ಗದರುತ್ತೇವೆ. ಆದರೆ ತಪ್ಪು ಅದರದೇ? ಮೂಸಿ, ಹುಡುಕಿ ತಿನ್ನುವುದು ನಾಯಿಯ ಹುಟ್ಟುಗುಣ. ಊಟವನ್ನು ತಟ್ಟೆಗೆ ಸುರಿದು ಅದರ ಉದ್ಯೋಗವನ್ನೇ ನಾವು ಕಸಿದುಕೊಂಡಿದ್ದೇವೆ.

ಸ್ವೀಡನ್ನಿನ ನೀನಾ ಒಟ್ಟೊಸನ್ ಎಂಬವರು, ಮಕ್ಕಳಾದ ಮೇಲೆ ತಮ್ಮ ನಾಯಿಗಳಿಗೆ ಸಮಯ ಸಾಲದೆಂದು ಕೊರಗಿ, 1990ರ ದಶಕದಲ್ಲಿ ನಾಯಿಗಳಿಗಾಗಿ ಒಗಟಿನ ಆಟಿಕೆಗಳನ್ನು ರೂಪಿಸಿದರು. ಮುಚ್ಚಳ ಸರಿಸಿದರೆ ಒಳಗೆ ತಿಂಡಿ.

ನಮಗೆ ಹಳೆಯ ಟವೆಲೇ ಸಾಕು. ಚಪಾತಿಯ ಚೂರುಗಳನ್ನಿಟ್ಟು ಸುರುಳಿ ಸುತ್ತಿ, ಹೊರಡುವ ಮುನ್ನ ಹತ್ತು ನಿಮಿಷ ಕೊಡೋಣ. ಮೊದಲು ಸಡಿಲವಾಗಿ, ಕಲಿತಂತೆ ಬಿಗಿಯಾಗಿ. ಬಟ್ಟೆ ನುಂಗದಂತೆ ಎದುರಿಗೇ ಇರಬೇಕು. ಒಣದ್ರಾಕ್ಷಿ, ಈರುಳ್ಳಿ ನಾಯಿಗೆ ವಿಷ.

ಊರಿನ ನಾಯಿಗೆ ಹಿತ್ತಲಿತ್ತು, ಬೀದಿಯಿತ್ತು. ಇಲ್ಲಿ ಅದಕ್ಕೆ ಇರುವವರು ನಾವಷ್ಟೇ.