ಬೂಷ್ಟಿನ ನವೆಗೆ ಪಥ್ಯ: ಬಿಡಬೇಕಾದದ್ದು ಯಾವುದು, ಉಣ್ಣಬೇಕಾದದ್ದು ಯಾವುದು?

"ಊಟ ಬಲ್ಲವನಿಗೆ ರೋಗವಿಲ್ಲ" ಎಂಬ ಗಾದೆಯನ್ನು ತಿಳಿಯದವರು ನಮ್ಮ ಹಳ್ಳಿಗಳಲ್ಲಿ ಇಲ್ಲ. ಮೈಯಲ್ಲಿ ಏನು ಕಾಣಿಸಿಕೊಂಡರೂ ನಾವು ಮೊದಲು ಕೇಳುವುದು "ಇದಕ್ಕೆ ಪಥ್ಯವೇನು?" ಎಂದೇ. ಕೇಳುವುದು ಒಳ್ಳೆಯದೇ. ಆದರೆ ಪಥ್ಯವು ರೋಗಕ್ಕೆ ತಕ್ಕದ್ದಾಗಿರಬೇಕು. ಇಲ್ಲವಾದರೆ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ ಆಗುತ್ತದೆ.

ಹೀಗೊಂದು ಸಂಸಾರವನ್ನು ಊಹಿಸಿಕೊಳ್ಳಿ. ಮನೆಯಾಕೆಗೆ ನಲವತ್ತು ದಾಟಿದೆ. ಆಗಾಗ ಬಿಳಿಸೆರಗು, ತಡೆಯಲಾರದ ನವೆ, ಉರಿ. ನಾಚಿಕೆಯಿಂದ ಯಾರಿಗೂ ಹೇಳಿಲ್ಲ. ಕೊನೆಗೆ ತಿಳಿದವರೊಬ್ಬರು ಪಥ್ಯ ಹೇಳುತ್ತಾರೆ: "ಹುಳಿ ಬಂದದ್ದು ಬೇಡ, ಇಡ್ಲಿ ದೋಸೆ ಬೇಡ, ಹಾಲು ಬೇಡ, ಹಣ್ಣು ಬೇಡ, ಮುದ್ದೆಯೂ ಬೇಡ." ಆಕೆ ಮೂರು ತಿಂಗಳು ಅರೆಹೊಟ್ಟೆ ಉಂಡು ಹೊಲದ ಕೆಲಸ ಮಾಡುತ್ತಾಳೆ. ಮೈ ಸೊರಗುತ್ತದೆ, ನವೆ ಮಾತ್ರ ಹೋಗುವುದಿಲ್ಲ. ಆಸ್ಪತ್ರೆಯಲ್ಲಿ ರಕ್ತ ನೋಡಿದಾಗ ಸಕ್ಕರೆ ಕಾಯಿಲೆ ಇರುವುದು ತಿಳಿಯುತ್ತದೆ. ಪಥ್ಯ ಮಾಡಿದ್ದು ಒಂದಕ್ಕೆ, ಬೇಕಾಗಿದ್ದುದು ಮತ್ತೊಂದಕ್ಕೆ. ಇಂತಹ ತಪ್ಪು ಯಾರ ಮನೆಯಲ್ಲೂ ಆಗಬಾರದು ಎಂಬುದೇ ಈ ಲೇಖನದ ಉದ್ದೇಶ.

ಈ ಬೂಷ್ಟು ಯಾವುದು?

ಹಳೆಯ ರೊಟ್ಟಿಯ ಮೇಲೆ ಬೆಳೆಯುವ ಬೂಷ್ಟನ್ನು ನೀವೆಲ್ಲ ನೋಡಿದ್ದೀರಿ. ಅದೇ ಕುಲಕ್ಕೆ ಸೇರಿದ, ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿಗೆ ಯೀಸ್ಟ್ ಎಂದು ಹೆಸರು. ಯೀಸ್ಟುಗಳಲ್ಲಿ ಅನೇಕ ಜಾತಿಗಳಿವೆ. ಬ್ರೆಡ್ಡಿನ ಹಿಟ್ಟನ್ನು ಉಬ್ಬಿಸುವುದು ಒಂದು ಜಾತಿ. ಮನುಷ್ಯನ ಮೈಯಲ್ಲಿ ವಾಸಿಸುವುದು ಬೇರೊಂದು ಜಾತಿ. ಅದಕ್ಕೆ ಕ್ಯಾಂಡಿಡ ಎನ್ನುತ್ತಾರೆ. ಆರೋಗ್ಯವಾಗಿರುವ ಎಷ್ಟೋ ಜನರ ಬಾಯಿ, ಕರುಳು, ಚರ್ಮ ಮತ್ತು ಹೆಂಗಸರ ಜನನಾಂಗದಲ್ಲಿ ಇದು ಸ್ವಲ್ಪ ಪ್ರಮಾಣದಲ್ಲಿ ಇದ್ದೇ ಇರುತ್ತದೆ. ಇದ್ದ ಮಾತ್ರಕ್ಕೆ ಅದು ರೋಗವಲ್ಲ.

ಇದು ರೈತರಿಗೆ ಸುಲಭವಾಗಿ ಅರ್ಥವಾಗುವ ಸಂಗತಿ. ಕಳೆಯ ಬೀಜ ಇಲ್ಲದ ಹೊಲವಿಲ್ಲ. ಪೈರು ದಟ್ಟವಾಗಿ ಎದ್ದರೆ ಕಳೆ ಅದರ ನೆರಳಿನಲ್ಲಿ ಅಡಗಿರುತ್ತದೆ. ಪೈರು ಸತ್ತು ನೆಲ ಬರಿದಾದರೆ ಕಳೆ ತಲೆ ಎತ್ತುತ್ತದೆ. ನಮ್ಮ ಮೈಯಲ್ಲಿ ಉಪಕಾರಿ ಸೂಕ್ಷ್ಮಜೀವಿಗಳೇ ಪೈರು, ಕ್ಯಾಂಡಿಡವೇ ಕಳೆ.

ಕಳೆ ಏಕೆ ಹೆಚ್ಚುತ್ತದೆ?

ಮುಖ್ಯ ಕಾರಣಗಳು ಐದು.

ಮೊದಲನೆಯದು ಸಕ್ಕರೆ ಕಾಯಿಲೆ. ರಕ್ತದಲ್ಲಿ ಸಕ್ಕರೆ ಏರಿದಾಗ ಮೂತ್ರದಲ್ಲಿಯೂ ಮೈಯ ಇತರ ದ್ರವಗಳಲ್ಲಿಯೂ ಸಕ್ಕರೆ ಹೆಚ್ಚುತ್ತದೆ. ಅದು ಬೂಷ್ಟಿಗೆ ಗೊಬ್ಬರ ಹಾಕಿದಂತೆ. ಅಲ್ಲದೆ ರೋಗದೊಡನೆ ಹೋರಾಡುವ ಬಿಳಿ ರಕ್ತಕಣಗಳ ಶಕ್ತಿಯೂ ಕುಂದುತ್ತದೆ.

ಎರಡನೆಯದು ಆಂಟಿಬಯಾಟಿಕ್ ಔಷಧಿಗಳು. ಇವು ರೋಗಾಣುಗಳ ಜೊತೆಗೆ ಉಪಕಾರಿ ಜೀವಿಗಳನ್ನೂ ಕೊಲ್ಲುತ್ತವೆ, ಆದರೆ ಬೂಷ್ಟನ್ನು ಕೊಲ್ಲಲಾರವು. ನೆಗಡಿಗೆಲ್ಲ ಅಂಗಡಿಯಿಂದ ಇಂತಹ ಮಾತ್ರೆ ತಂದು ನುಂಗುವುದರಿಂದ ಪೈರು ಕಿತ್ತು ಕಳೆಗೆ ಜಾಗ ಬಿಟ್ಟ ಹಾಗಾಗುತ್ತದೆ.

ಮೂರನೆಯದು ಗರ್ಭಾವಸ್ಥೆ. ಆಗ ದೇಹದಲ್ಲಾಗುವ ಸಹಜ ಬದಲಾವಣೆಗಳಿಂದ ಬಿಳಿಸೆರಗು, ನವೆ ಹೆಚ್ಚಾಗಬಹುದು.

ನಾಲ್ಕನೆಯದು ಸ್ಟಿರಾಯ್ಡ್ ಔಷಧಿಗಳು, ಮತ್ತು ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಎಚ್.ಐ.ವಿ.ಯಂತಹ ಕಾಯಿಲೆಗಳು. ಉಬ್ಬಸಕ್ಕೆ ಸ್ಟಿರಾಯ್ಡ್ ಇರುವ ಇನ್‌ಹೇಲರ್ ಎಳೆದುಕೊಳ್ಳುವವರು ಪ್ರತಿಸಲವೂ ಬಾಯಿ ಮುಕ್ಕಳಿಸಿ ಉಗುಳಿದರೆ ಬಾಯಿಯ ಬೂಷ್ಟನ್ನು ಬಹುಮಟ್ಟಿಗೆ ತಡೆಯಬಹುದು.

ಐದನೆಯದು ಸದಾ ಒದ್ದೆಯಾಗಿರುವ ಚರ್ಮ. ನಾಟಿಯ ಕಾಲದಲ್ಲಿ ದಿನವಿಡೀ ಕೆಸರಿನಲ್ಲಿ ನಿಲ್ಲುವವರ ಕಾಲ್ಬೆರಳ ಸಂದು, ಪಾತ್ರೆ ಬಟ್ಟೆ ತೊಳೆಯುವವರ ಕೈಬೆರಳ ಸಂದು ಮತ್ತು ಉಗುರಿನ ಬುಡ, ದಪ್ಪ ಮೈಯವರ ತೊಡೆಸಂದು, ಎದೆಯ ಕೆಳಗಿನ ಮಡಿಕೆ ಇವೆಲ್ಲ ಬೂಷ್ಟು ಬೆಳೆಯುವ ಜಾಗಗಳೇ.

ಗುರುತಿಸುವುದು ಹೇಗೆ?

ಹಸುಗೂಸಿನ ಬಾಯಲ್ಲಿ ಹಾಲಿನ ಕೆನೆಯಂತಹ ಬಿಳಿ ಮಚ್ಚೆ ಕಾಣುವುದುಂಟು. ಮೆದು ಬಟ್ಟೆಯಿಂದ ಒರೆಸಿದರೆ ಸುಲಭವಾಗಿ ಹೋದರೆ ಅದು ಹಾಲು. ಹೋಗದೆ ಅಂಟಿಕೊಂಡಿದ್ದರೆ ಬೂಷ್ಟಿರಬಹುದು. ಅದನ್ನು ಉಜ್ಜಿ ಕೆರೆಯಬಾರದು. ವರ್ಷ ತುಂಬದ ಕೂಸಿನ ನಾಲಿಗೆಗೆ ಜೇನುತುಪ್ಪ ಸವರುವುದು ಅಪಾಯಕರ. ಎದೆಹಾಲು ಬಿಡಿಸಬೇಕಾಗಿಲ್ಲ. ಆದರೆ ತಾಯಿಯ ಮೊಲೆತೊಟ್ಟು ಉರಿಯುತ್ತಿದ್ದರೆ ಇಬ್ಬರಿಗೂ ಒಟ್ಟಿಗೆ ಚಿಕಿತ್ಸೆ ಆಗಬೇಕು.

ಹೆಂಗಸರಲ್ಲಿ ಒಡೆದ ಮೊಸರಿನಂತಹ ಗಟ್ಟಿ ಬಿಳಿಸೆರಗು, ನವೆ, ಮೂತ್ರ ಮಾಡುವಾಗ ಉರಿ ಕಾಣಿಸುತ್ತವೆ. ಸಾಮಾನ್ಯವಾಗಿ ದುರ್ವಾಸನೆ ಇರುವುದಿಲ್ಲ. ಸ್ರಾವವು ನಾತ ಬೀರುತ್ತಿದ್ದರೆ, ಹಳದಿ ಅಥವಾ ಹಸುರಾಗಿದ್ದರೆ, ಜ್ವರ, ಕಿಬ್ಬೊಟ್ಟೆ ನೋವು ಇದ್ದರೆ ಅದು ಬೇರೆ ರೋಗವಿರಬಹುದು. ತಡಮಾಡದೆ ವೈದ್ಯರಿಗೆ ತೋರಿಸಬೇಕು. ನಾಲ್ವರು ಹೆಂಗಸರಲ್ಲಿ ಸುಮಾರು ಮೂವರಿಗೆ ಜೀವಮಾನದಲ್ಲಿ ಒಮ್ಮೆಯಾದರೂ ಈ ಬೂಷ್ಟಿನ ಬಾಧೆ ಬರುತ್ತದೆ. ಇದು ನಡತೆಯ ದೋಷದಿಂದ ಬಂದದ್ದಲ್ಲ. ಆದಕಾರಣ ನಾಚುವುದಕ್ಕೂ, ಮನೆಯವರು ಅನುಮಾನ ಪಡುವುದಕ್ಕೂ ಕಾರಣವಿಲ್ಲ.

ಗಂಡಸರಿಗೂ, ವಿಶೇಷವಾಗಿ ಸಕ್ಕರೆ ಕಾಯಿಲೆಯವರಿಗೆ, ಶಿಶ್ನದ ತುದಿಯಲ್ಲಿ ಕೆಂಪು, ನವೆ, ಬಿರುಕು ಬರುವುದುಂಟು. ಸಕ್ಕರೆಯನ್ನು ಮೂತ್ರದ ಮೂಲಕ ಹೊರಹಾಕುವ ಕೆಲವು ಹೊಸ ಮಾತ್ರೆಗಳಿಂದಲೂ ಹೀಗಾಗಬಹುದು. ಅಂತಹವರು ಮಾತ್ರೆಯನ್ನು ತಾವಾಗಿ ನಿಲ್ಲಿಸದೆ ವೈದ್ಯರಿಗೆ ತಿಳಿಸಬೇಕು.

"ಯೀಸ್ಟ್ ಪಥ್ಯ" ಎಲ್ಲಿಂದ ಬಂತು?

ಹುಳಿ ಬಂದದ್ದನ್ನೂ ಸಿಹಿಯನ್ನೂ ಪೂರ್ತಿ ಬಿಡಬೇಕೆಂಬ ಕಟ್ಟುನಿಟ್ಟಿನ ಪಥ್ಯ ಹೆಚ್ಚಾಗಿ ಹರಡಿದ್ದು ಅಮೆರಿಕದಿಂದ. 1983ರಲ್ಲಿ ವಿಲಿಯಂ ಕ್ರೂಕ್ ಎಂಬ ವೈದ್ಯರು ಅಲ್ಲಿ ಒಂದು ಪುಸ್ತಕ ಬರೆದು, ಆಯಾಸ, ತಲೆನೋವು, ಬೇಸರ ಮೊದಲಾದ ನಾನಾ ತೊಂದರೆಗಳಿಗೆ ಕರುಳಿನ ಯೀಸ್ಟೇ ಮೂಲವೆಂದು ಸಾರಿದರು. ಪುಸ್ತಕ ಬಹಳ ಜನಪ್ರಿಯವಾಯಿತು. ಆದರೆ 1986ರಲ್ಲಿ ಆ ದೇಶದ ಅಲರ್ಜಿ ತಜ್ಞರ ಸಂಸ್ಥೆಯು ಈ ವಾದಕ್ಕೆ ಆಧಾರ ಸಾಲದೆಂದು ಹೇಳಿತು. ಇಂತಹ ರೋಗವಿದೆಯೆಂದು ಭಾವಿಸಿದ್ದ ಹೆಂಗಸರಿಗೆ ಬೂಷ್ಟು ಕೊಲ್ಲುವ ನಿಸ್ಟಾಟಿನ್ ಔಷಧಿಯನ್ನೂ ಬರಿ ಹುಸಿಮಾತ್ರೆಯನ್ನೂ ಕೊಟ್ಟು ಹೋಲಿಸಿ ನೋಡಿದ ಪ್ರಯೋಗದ ಫಲ 1990ರಲ್ಲಿ ಪ್ರಕಟವಾಯಿತು. ಜನನಾಂಗದ ನವೆ ಔಷಧಿಯಿಂದ ತಗ್ಗಿತು. ಆದರೆ ಆಯಾಸ, ಬೇಸರದಂತಹ ತೊಂದರೆಗಳಿಗೆ ಔಷಧಿಯು ಹುಸಿಮಾತ್ರೆಗಿಂತ ಮೇಲೆನಿಸಲಿಲ್ಲ.

ಆದ್ದರಿಂದ ಆಯಾಸವಾದವರೆಲ್ಲ "ನನಗೆ ಯೀಸ್ಟ್ ಹೆಚ್ಚಾಗಿದೆ" ಎಂದು ಊಟ ಬಿಡುವುದು ಸರಿಯಲ್ಲ. ಹಳ್ಳಿಯ ಹೆಂಗಸಿನ ಆಯಾಸಕ್ಕೆ ರಕ್ತಹೀನತೆಯೇ ಕಾರಣವಾಗಿರುವುದು ಬಹಳ ಹೆಚ್ಚು. ಅವಳು ಇನ್ನಷ್ಟು ಊಟ ಬಿಟ್ಟರೆ ಗತಿಯೇನು?

ಇಡ್ಲಿ ದೋಸೆಯ ಮಾತಿಗೆ ಬರೋಣ. ಉದ್ದು ಅಕ್ಕಿಯ ಹಿಟ್ಟು ಉಬ್ಬುವುದು ಹೆಚ್ಚಾಗಿ ಮೊಸರಿನಲ್ಲಿರುವಂತಹ ಹುಳಿ ಬರಿಸುವ ಬ್ಯಾಕ್ಟೀರಿಯಗಳಿಂದ. ಅದರಲ್ಲಿ ಸ್ವಲ್ಪ ಯೀಸ್ಟ್ ಇದ್ದರೂ ಹಬೆಯಲ್ಲಿ ಬೇಯುವಾಗ ಸಾಯುತ್ತದೆ. ಆರೋಗ್ಯವಂತನಿಗೆ ತಿಂದ ಇಡ್ಲಿಯಿಂದ ಕ್ಯಾಂಡಿಡ ಹೆಚ್ಚುವುದಿಲ್ಲ. ರಾಗಿ ಅಂಬಲಿ, ಮಜ್ಜಿಗೆಗಳನ್ನೂ ಬಿಡಬೇಕಾಗಿಲ್ಲ.

ಹಾಗಾದರೆ ಬೇಕಾದ ಪಥ್ಯ ಯಾವುದು?

ಬೂಷ್ಟಿನ ಬಾಧೆ ಮತ್ತೆ ಮತ್ತೆ ಬರುತ್ತಿದ್ದರೆ ಮೊದಲ ಕೆಲಸ ರಕ್ತದ ಸಕ್ಕರೆ ನೋಡಿಸುವುದು. ಖಾಲಿ ಹೊಟ್ಟೆಯಲ್ಲಿ 126 ಮಿಲಿಗ್ರಾಂ ಅಥವಾ ಅದಕ್ಕಿಂತ ಹೆಚ್ಚು ಎಂದು ಎರಡು ಸಲ ಬಂದರೆ ಅದು ಸಕ್ಕರೆ ಕಾಯಿಲೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನ ಸಮೀಕ್ಷೆಯೊಂದು 2023ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ ದೇಶದಲ್ಲಿ ಸುಮಾರು 10 ಕೋಟಿ ಜನರಿಗೆ ಈ ಕಾಯಿಲೆ ಇದೆ. ಹಳ್ಳಿಗಳಲ್ಲೂ 100 ಮಂದಿ ವಯಸ್ಕರಲ್ಲಿ ಸುಮಾರು 9 ಮಂದಿಗೆ ಇದೆ. ದುಡಿಯುವ ಮೈಗೆ ಇದು ಬಾರದೆಂಬ ನಂಬಿಕೆ ತಪ್ಪು. 30 ವರ್ಷ ದಾಟಿದವರ ತಪಾಸಣೆಗೆ ಸರ್ಕಾರದ ಆರೋಗ್ಯ ಕೇಂದ್ರಗಳಲ್ಲಿ ಏರ್ಪಾಡಿದೆ. ಆಶಾ ಕಾರ್ಯಕರ್ತೆಯರನ್ನು ವಿಚಾರಿಸಿರಿ.

ಊಟದ ವಿಷಯದಲ್ಲಿ ಗಮನಿಸಬೇಕಾದ್ದು ಇಷ್ಟು:

1. ಬೆರೆಸಿದ ಸಕ್ಕರೆ ತಗ್ಗಿಸಿರಿ. ದಿನಕ್ಕೆ 25 ಗ್ರಾಂ, ಎಂದರೆ ಸುಮಾರು ಆರು ಟೀ ಚಮಚದೊಳಗಿದ್ದರೆ ಒಳ್ಳೆಯದೆಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಸೂಚಿಸಿದೆ. ಎರಡು ಚಮಚ ಸಕ್ಕರೆಯ ಕಾಫಿಯನ್ನು ದಿನಕ್ಕೆ ಐದು ಲೋಟ ಕುಡಿದರೆ ಹತ್ತು ಚಮಚ ಆಯಿತು. 250 ಮಿಲಿಲೀಟರಿನ ಒಂದು ಬಾಟಲಿ ಕೋಲಾದಲ್ಲೇ ಸುಮಾರು ಆರು ಚಮಚ ಇರುತ್ತದೆ. ಸಕ್ಕರೆ ಕಾಯಿಲೆಯವರು ಕಾಫಿ, ಚಹಾವನ್ನು ಸಕ್ಕರೆ ಇಲ್ಲದೆ ಕುಡಿಯುವುದೇ ಲೇಸು.

2. ಬೆಲ್ಲವೆಂದರೆ ಬೇರೆಯೆಂದು ತಿಳಿಯಬೇಡಿ. ಬೆಲ್ಲದಲ್ಲೂ ಬಹುಪಾಲು ಸಕ್ಕರೆಯೇ ಇರುವುದು.

3. ರಾಗಿಯನ್ನು ಬಿಡಬೇಡಿ, ಅಳತೆ ತಪ್ಪಬೇಡಿ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದಂಶವಿದೆ, ನಾರೂ ಇದೆ. ಆದರೆ ರಾಗಿಯ ಮೂರರಲ್ಲಿ ಎರಡು ಪಾಲು ಪಿಷ್ಟ. ಅದು ಹೊಟ್ಟೆಯಲ್ಲಿ ಕರಗಿ ಸಕ್ಕರೆಯೇ ಆಗುತ್ತದೆ. "ಮುದ್ದೆ ಎಷ್ಟು ತಿಂದರೂ ಸಕ್ಕರೆ ಏರುವುದಿಲ್ಲ" ಎಂಬ ಮಾತು ನಿಜವಲ್ಲ. ಮುದ್ದೆ ಸಣ್ಣದಾಗಲಿ, ಸಾರು ಗಟ್ಟಿಯಾಗಲಿ. ತಟ್ಟೆಯ ಅರ್ಧ ಸೊಪ್ಪು ತರಕಾರಿ, ಕಾಲು ಭಾಗ ಕಾಳುಬೇಳೆ ಅಥವಾ ಮೊಟ್ಟೆ, ಕಾಲು ಭಾಗ ಮುದ್ದೆಯೋ ಅನ್ನವೋ ಇರಲಿ.

4. ಮೊಸರು ಮಜ್ಜಿಗೆ ಉಣ್ಣಿರಿ. ಅದು ಒಳ್ಳೆಯ ಆಹಾರ. ಆದರೆ ಅದೊಂದರಿಂದಲೇ ಬೂಷ್ಟು ವಾಸಿಯಾಗುತ್ತದೆಂಬುದಕ್ಕೆ ಸಾಕಷ್ಟು ಆಧಾರವಿಲ್ಲ. ಮೊಸರು, ಬೆಳ್ಳುಳ್ಳಿ ಮುಂತಾದುವನ್ನು ಜನನಾಂಗಕ್ಕೆ ಇಡುವುದು, ಹಚ್ಚುವುದು ಕೂಡದು.

5. ಗರ್ಭಿಣಿಯರು, ಬಾಣಂತಿಯರು, ಮಕ್ಕಳು, ರಕ್ತ ಕಡಿಮೆ ಇರುವವರು ಯಾವ ಕಠಿಣ ಪಥ್ಯವನ್ನೂ ಮಾಡತಕ್ಕದ್ದಲ್ಲ. ಸಕ್ಕರೆ ಕಾಯಿಲೆಗೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಹಠಾತ್ತನೆ ಊಟ ಬಿಟ್ಟರೆ ಸಕ್ಕರೆ ತೀರ ಇಳಿದು, ಬೆವರಿ, ಪ್ರಜ್ಞೆ ತಪ್ಪಬಹುದು.

ಊಟದ ಹೊರಗಿನ ಪಥ್ಯ

ಗದ್ದೆಯಿಂದ ಬಂದೊಡನೆ ಕಾಲು ತೊಳೆದು, ಬೆರಳ ಸಂದುಗಳನ್ನು ಒಣಬಟ್ಟೆಯಿಂದ ಒತ್ತಿ ಒರೆಸಿರಿ. ಒದ್ದೆ ಬಟ್ಟೆಯಲ್ಲಿ ಇರಬೇಡಿ. ಒಳ ಉಡುಪು ಹತ್ತಿಯದಾಗಿರಲಿ, ಸಡಿಲವಾಗಿರಲಿ. ಅದನ್ನು ನಾಚಿಕೆಯಿಂದ ಕತ್ತಲ ಮೂಲೆಯಲ್ಲಿ ಒಣಹಾಕದೆ ಬಿಸಿಲಿಗೆ ಹಾಕಿರಿ. ಮುಟ್ಟಿನ ಬಟ್ಟೆಗೂ ಇದೇ ನಿಯಮ. ಜನನಾಂಗದ ಒಳಗನ್ನು ಸೋಪು ಅಥವಾ ಡೆಟಾಲಿನಿಂದ ತೊಳೆಯಬಾರದು. ಹೊರಭಾಗವನ್ನು ಬರಿ ನೀರಿನಿಂದ ತೊಳೆದರೆ ಸಾಕು. ಕೃತಕ ಹಲ್ಲುಸೆಟ್ಟು ಇರುವವರು ರಾತ್ರಿ ಅದನ್ನು ತೆಗೆದು ತೊಳೆದಿಡಬೇಕು.

ಔಷಧಿಯ ಮಾತು

ಪಥ್ಯವು ಔಷಧಿಯ ಜಾಗವನ್ನು ತುಂಬಲಾರದು. ಮೇಲೆ ಹೇಳಿದ ನಿಸ್ಟಾಟಿನ್ನನ್ನು 1950ರಲ್ಲಿ ಕಂಡುಹಿಡಿದವರು ಎಲಿಜಬೆತ್ ಹೇಜನ್ ಮತ್ತು ರೇಚಲ್ ಬ್ರೌನ್ ಎಂಬ ಇಬ್ಬರು ಮಹಿಳೆಯರು. ಅದನ್ನು ಕೊಡುವ ಸೂಕ್ಷ್ಮಜೀವಿ ಅವರಿಗೆ ಸಿಕ್ಕಿದ್ದು ಒಂದು ಹೊಲದ ಮಣ್ಣಿನಲ್ಲಿ! ಇಂದು ಕ್ಲೋಟ್ರಿಮಜೋಲ್ ಮುಲಾಮು, ಒಳಗಿಡುವ ಮಾತ್ರೆ, ನುಂಗುವ ಫ್ಲುಕೊನಜೋಲ್ ಮೊದಲಾದುವು ಇವೆ. ಸಾಮಾನ್ಯ ಬಾಧೆ ಇವುಗಳಿಂದ ಕೆಲವೇ ದಿನಗಳಲ್ಲಿ ತಗ್ಗುತ್ತದೆ. ಯಾವುದು, ಎಷ್ಟು ಎಂಬುದನ್ನು ವೈದ್ಯರೇ ಹೇಳಬೇಕು. ಗರ್ಭಿಣಿಯರು ವೈದ್ಯರನ್ನು ಕೇಳದೆ ನುಂಗುವ ಮಾತ್ರೆ ತೆಗೆದುಕೊಳ್ಳಲೇಬಾರದು.

ಅಂಗಡಿಯಲ್ಲಿ "ನವೆಗೆ ಒಂದು ಕ್ರೀಮು ಕೊಡಿ" ಎಂದು ಕೇಳಿ ತರುವ ಅಭ್ಯಾಸವನ್ನು ಬಿಡಬೇಕು. ಅವುಗಳಲ್ಲಿ ಹಲವಕ್ಕೆ ಬಲವಾದ ಸ್ಟಿರಾಯ್ಡ್ ಬೆರೆಸಿರುತ್ತಾರೆ. ಹಚ್ಚಿದ ಎರಡು ದಿನ ನವೆ ನಿಲ್ಲುತ್ತದೆ. ಆಮೇಲೆ ರೋಗ ಇಮ್ಮಡಿಯಾಗಿ ಹರಡುತ್ತದೆ, ಚರ್ಮವೂ ತೆಳುವಾಗುತ್ತದೆ.

ವರ್ಷದಲ್ಲಿ ಮೂರು ನಾಲ್ಕು ಸಲ ಬಾಧೆ ಮರುಕಳಿಸಿದರೆ, ದೊಡ್ಡವರ ಬಾಯಲ್ಲಿ ಕಾರಣವಿಲ್ಲದೆ ಬಿಳಿ ಮಚ್ಚೆ ಕಂಡರೆ, ನುಂಗುವಾಗ ನೋವಾದರೆ, ಕೂಸು ಹಾಲು ಕುಡಿಯದೆ ಹೋದರೆ ತಕ್ಕ ಪರೀಕ್ಷೆ ಆಗಲೇಬೇಕು.

ತಾಯಂದಿರೇ, ಅಕ್ಕತಂಗಿಯರೇ, ನಾಲಿಗೆಗೆ ಬೀಗ ಹಾಕುವ ಮುನ್ನ ಆಸ್ಪತ್ರೆಯ ಬಾಗಿಲು ತಟ್ಟಿರಿ. ರೈತ ಬಾಂಧವರೇ, ಪೈರಿನ ಎಲೆ ಹಳದಿಯಾದರೆ ನೀವು ಬುಡದ ಮಣ್ಣನ್ನು ಕೆದಕಿ ನೋಡುತ್ತೀರಿ. ಮನೆಯಾಕೆಯ ನವೆ ಮತ್ತೆ ಮತ್ತೆ ಬರುತ್ತಿದ್ದರೆ ಅದರ ಬುಡವನ್ನೂ ಹಾಗೆಯೇ ನೋಡಿಸಿರಿ. ಸಂಕೋಚ ಬಿಟ್ಟು ಆಕೆಯ ಜೊತೆಗೆ ನೀವೂ ಆರೋಗ್ಯ ಕೇಂದ್ರಕ್ಕೆ ಹೋಗಿ, ಇಬ್ಬರೂ ರಕ್ತ ಪರೀಕ್ಷೆ ಮಾಡಿಸಿಕೊಂಡು ಬನ್ನಿ.