ಪೊಲೀಸರ ಆಯ್ಕೆ, ತರಬೇತಿ: ಅಂದು ಮತ್ತು ಇಂದು

ಕರ್ನಾಟಕದ ಕಾನ್‌ಸ್ಟೇಬಲ್‌ಗಳು ದಶಕಗಳಿಂದ ಧರಿಸುತ್ತಿದ್ದ, ಒಂದು ಬದಿಯ ಅಂಚನ್ನು ಮೇಲಕ್ಕೆ ಮಡಿಚಿದ ಟೋಪಿಯ ಬದಲಿಗೆ 2025ರ ಅಕ್ಟೋಬರ್‌ನಲ್ಲಿ ಕಡುನೀಲಿ ಬಣ್ಣದ ಹೊಸ ಟೋಪಿ ಬಂದಿತು. ಟೋಪಿಯನ್ನು ಬದಲಾಯಿಸುವುದು ಸುಲಭ. ಅದನ್ನು ಧರಿಸುವವರನ್ನು ಆರಿಸುವ ಮತ್ತು ತಿದ್ದಿ ತಯಾರು ಮಾಡುವ ಕ್ರಮ ಎಷ್ಟರಮಟ್ಟಿಗೆ ಬದಲಾಗಿದೆ ಎಂಬುದು ಮುಖ್ಯವಾದ ಪ್ರಶ್ನೆ.

ನಮ್ಮ ಪೊಲೀಸ್ ವ್ಯವಸ್ಥೆಯ ತಳಪಾಯ 1861ರ ಪೊಲೀಸ್ ಕಾಯಿದೆ. 1857ರ ದಂಗೆಯ ನಂತರ ಬ್ರಿಟಿಷರು ಇದನ್ನು ತಂದದ್ದು ಜನರ ಸೇವೆಗಿಂತ ಹೆಚ್ಚಾಗಿ ಅವರನ್ನು ಹದ್ದುಬಸ್ತಿನಲ್ಲಿಡಲು. ಆ ಕೆಲಸಕ್ಕೆ ಎತ್ತರದ ಆಳು, ಗಟ್ಟಿ ಮೈ, ಮರುಮಾತಿಲ್ಲದ ವಿಧೇಯತೆ ಸಾಕಾಗಿತ್ತು. ತರಬೇತಿಯೆಂದರೆ ಮುಖ್ಯವಾಗಿ ಕವಾಯತು, ಲಾಠಿ, ಬಂದೂಕು. ಸಂವಿಧಾನದ ಪ್ರಕಾರ ಪೊಲೀಸ್ ರಾಜ್ಯಗಳಿಗೆ ಸೇರಿದ ವಿಷಯ. ನಮ್ಮ ರಾಜ್ಯಕ್ಕೆ 1963ರಲ್ಲಿ ತನ್ನದೇ ಕಾಯಿದೆ ಬಂದಿತು. ಆದರೆ ಕಾಯಿದೆ ಬದಲಾದಷ್ಟು ಬೇಗ ಅಭ್ಯಾಸ ಬದಲಾಗಲಿಲ್ಲ. ಕಾನ್‌ಸ್ಟೇಬಲ್ ಹೇಳಿದ್ದನ್ನಷ್ಟೇ ಮಾಡುವ ಯಂತ್ರವಾಗದೆ ವಿವೇಚನೆ ಬಳಸುವವನಾಗಬೇಕು ಎಂಬ ವಿಚಾರವನ್ನು 1977ರಲ್ಲಿ ನೇಮಕವಾದ ರಾಷ್ಟ್ರೀಯ ಪೊಲೀಸ್ ಆಯೋಗ ಒತ್ತಿ ಹೇಳಿತು.

ಇಂದು ದೇಹದಾರ್ಢ್ಯಕ್ಕೆ ಬೆಲೆಯಿಲ್ಲವೆಂದಲ್ಲ. ರಾಜ್ಯದ ಈಚಿನ ಕಾನ್‌ಸ್ಟೇಬಲ್ ನೇಮಕಾತಿಗಳಲ್ಲಿ ಪುರುಷ ಅಭ್ಯರ್ಥಿಗೆ ಸಾಮಾನ್ಯವಾಗಿ 168 ಸೆಂ.ಮೀ. ಎತ್ತರವಿರಬೇಕು, 1600 ಮೀಟರ್ ದೂರವನ್ನು ಆರೂವರೆ ನಿಮಿಷದೊಳಗೆ ಓಡಬೇಕು. ಆದರೆ ಓಟಕ್ಕೆ ಮುಂಚೆಯೇ ಲಿಖಿತ ಪರೀಕ್ಷೆ ಎದುರಾಗುತ್ತದೆ. ನಾಗರಿಕ ಪೊಲೀಸ್ ಕಾನ್‌ಸ್ಟೇಬಲ್ ಹುದ್ದೆಗೆ ಪಿ.ಯು.ಸಿ., ಸಬ್ ಇನ್ಸ್‌ಪೆಕ್ಟರ್ ಹುದ್ದೆಗೆ ಪದವಿ ಬೇಕು.

ಆಯ್ಕೆಯ ಬಾಗಿಲೂ ಅಗಲವಾಗಿದೆ. ದೇಶದ ಮೊದಲ ಮಹಿಳಾ ಪೊಲೀಸ್ ಠಾಣೆ 1973ರಲ್ಲಿ ಕೇರಳದ ಕೋಳಿಕ್ಕೋಡಿನಲ್ಲಿ ಆರಂಭವಾಯಿತು. 2017ರಲ್ಲಿ ನೀಲಮಣಿ ಎನ್. ರಾಜು ಕರ್ನಾಟಕದ ಪೊಲೀಸ್ ಪಡೆಯ ಮುಖ್ಯಸ್ಥರಾದ ಮೊದಲ ಮಹಿಳೆಯಾದರು. ಅದೇ ವರ್ಷ ತಮಿಳುನಾಡಿನಲ್ಲಿ ಕೆ. ಪ್ರಿತಿಕಾ ಯಾಶಿನಿ, ನ್ಯಾಯಾಲಯದ ಮೆಟ್ಟಿಲೇರಿ ಗೆದ್ದು, ಸಬ್ ಇನ್ಸ್‌ಪೆಕ್ಟರ್ ಆದ ಲಿಂಗತ್ವ ಅಲ್ಪಸಂಖ್ಯಾತರೆನಿಸಿದರು. 2021ರಲ್ಲಿ ಕರ್ನಾಟಕ ಸರ್ಕಾರವು ಲಿಂಗತ್ವ ಅಲ್ಪಸಂಖ್ಯಾತರಿಗೆ ಸರ್ಕಾರಿ ಹುದ್ದೆಗಳಲ್ಲಿ ಶೇ. 1ರಷ್ಟು ಮೀಸಲಾತಿ ನೀಡಿತು. ನೊಂದು ಠಾಣೆಗೆ ಬರುವವರು ಎಲ್ಲ ಬಗೆಯ ಜನ. ಅವರ ಅಳಲನ್ನು ಕೇಳಿಸಿಕೊಳ್ಳುವವರೂ ಎಲ್ಲ ಬಗೆಯ ಜನರಾಗಿರುವುದು ನ್ಯಾಯ.

ಇನ್ನು ತರಬೇತಿ. ಇದರ ಸ್ವರೂಪವನ್ನು ಅಪರಾಧವೇ ಬದಲಾಯಿಸಿದೆ. ದೇಶದ ಮೊದಲ ಸೈಬರ್ ಅಪರಾಧ ಪೊಲೀಸ್ ಠಾಣೆ 2001ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾಯಿತು. ಇಂದು ಕಳ್ಳ ಗೋಡೆಗೆ ಕನ್ನ ಹಾಕದೆ ಫೋನಿನ ಮೂಲಕವೇ ಮನೆಯೊಳಗೆ ಬರುತ್ತಾನೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಂತೆ, ಶೋಧನೆ ಮತ್ತು ಜಪ್ತಿಯನ್ನು ಧ್ವನಿ-ದೃಶ್ಯ ಸಹಿತ ಚಿತ್ರೀಕರಿಸಬೇಕು. ಏಳು ವರ್ಷ ಅಥವಾ ಅದಕ್ಕಿಂತ ಹೆಚ್ಚಿನ ಶಿಕ್ಷೆಯ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಬಂದು ಸಾಕ್ಷ್ಯ ಸಂಗ್ರಹಿಸಬೇಕೆಂಬ ನಿಯಮವನ್ನೂ ಅದು ತಂದಿದೆ.

ಒಂದು ಉದಾಹರಣೆ ನೋಡೋಣ. ಜಪ್ತಿ ಮಾಡಿದ ಫೋನಿನಲ್ಲಿರುವ ದಾಖಲೆಯನ್ನು ಪೊಲೀಸರು ತಿದ್ದಿಲ್ಲವೆಂದು ನ್ಯಾಯಾಲಯ ನಂಬುವುದು ಹೇಗೆ? ಇದಕ್ಕೆ ‘ಹ್ಯಾಷ್’ ಎಂಬ ಗಣಿತ ವಿಧಾನವಿದೆ. ಕಡತ ಎಷ್ಟೇ ದೊಡ್ಡದಿರಲಿ, ಅದನ್ನು ಲೆಕ್ಕಹಾಕಿ ನಿಗದಿತ ಉದ್ದದ ಸಂಕೇತವನ್ನು ಪಡೆಯಬಹುದು. ಕಡತದಲ್ಲಿ ಒಂದು ಅಕ್ಷರ ಬದಲಾದರೂ ಆ ಸಂಕೇತ ಗುರುತು ಸಿಗದಷ್ಟು ಬದಲಾಗುತ್ತದೆ. ಇದು ದಾಖಲೆಯ ಬೆರಳಚ್ಚು ಇದ್ದಂತೆ. ಜಪ್ತಿಯ ವೇಳೆ ಇದನ್ನು ನಮೂದಿಸದಿದ್ದರೆ, ನಿಜವಾದ ಸಾಕ್ಷ್ಯದ ಮೇಲೂ ಅನುಮಾನ ಮೂಡಬಹುದು. ಹಾಗಾಗಿ ಇದು ತಜ್ಞರಿಗೆ ಮಾತ್ರವಲ್ಲ, ಠಾಣೆಯ ಸಿಬ್ಬಂದಿಗೂ ತಿಳಿದಿರಬೇಕಾದ ಪಾಠ.

ಇದರೊಂದಿಗೆ ಇನ್ನೊಂದು ಪಾಠವಿದೆ. ಬಂಧಿಸುವಾಗ ಪೊಲೀಸರು ಹೆಸರಿನ ಫಲಕ ಧರಿಸಿರಬೇಕು, ಬಂಧನದ ಟಿಪ್ಪಣಿ ಬರೆದು ಸಾಕ್ಷಿಯ ಸಹಿ ಪಡೆಯಬೇಕು, ಬಂಧಿತನ ಆಪ್ತರಿಗೆ ಸುದ್ದಿ ಮುಟ್ಟಿಸಬೇಕು ಎಂದು ಸುಪ್ರೀಂ ಕೋರ್ಟ್ 1996ರಲ್ಲಿ ಡಿ.ಕೆ. ಬಸು ಪ್ರಕರಣದಲ್ಲಿ ವಿಧಿಸಿತು. ಕವಾಯತು ಮೈಗೆ ಶಿಸ್ತು ಕಲಿಸುತ್ತದೆ. ಅಧಿಕಾರ ಕೈಯಲ್ಲಿದ್ದಾಗ ಕೈ ತಡೆಯುವ ಶಿಸ್ತನ್ನು ಪ್ರತ್ಯೇಕವಾಗಿಯೇ ಕಲಿಸಬೇಕಾಗುತ್ತದೆ.

ಇಷ್ಟೆಲ್ಲ ಕಲಿಸಿದರೂ ಆಯ್ಕೆಯೇ ಕೆಟ್ಟರೆ ಫಲವಿಲ್ಲ. ರಾಜ್ಯದಲ್ಲಿ 545 ಸಬ್ ಇನ್ಸ್‌ಪೆಕ್ಟರ್ ಹುದ್ದೆಗಳಿಗೆ 2021ರ ಅಕ್ಟೋಬರ್‌ನಲ್ಲಿ ನಡೆದ ಪರೀಕ್ಷೆಯಲ್ಲಿ ಅಕ್ರಮ ಬಯಲಾಗಿ, ಮರುವರ್ಷ ಅದು ರದ್ದಾಯಿತು. ನೇಮಕಾತಿ ವಿಭಾಗದ ಮುಖ್ಯಸ್ಥರಾಗಿದ್ದ ಹಿರಿಯ ಅಧಿಕಾರಿಯೇ ಬಂಧನಕ್ಕೊಳಗಾದರು. ಮರುಪರೀಕ್ಷೆಯನ್ನು ಪೊಲೀಸ್ ಇಲಾಖೆಯ ಬದಲು ಕರ್ನಾಟಕ ಪರೀಕ್ಷಾ ಪ್ರಾಧಿಕಾರ 2024ರ ಜನವರಿಯಲ್ಲಿ ನಡೆಸಿತು. ಪ್ರಾಮಾಣಿಕವಾಗಿ ಓದಿ ಬರೆದವರೂ ಎರಡು ವರ್ಷಕ್ಕಿಂತ ಹೆಚ್ಚು ಕಾಲ ಕಾದು, ಮತ್ತೆ ಪರೀಕ್ಷೆಗೆ ಕೂರಬೇಕಾಯಿತು. ಹಣ ಕೊಟ್ಟು ಹುದ್ದೆ ಪಡೆದವನು ಆ ಹಣವನ್ನು ಯಾರಿಂದ ವಸೂಲು ಮಾಡುತ್ತಾನೆ ಎಂದು ಯೋಚಿಸಿದರೆ, ಇದು ಅಭ್ಯರ್ಥಿಗಳ ನಷ್ಟ ಮಾತ್ರವಲ್ಲ ಎಂಬುದು ಅರ್ಥವಾಗುತ್ತದೆ.

ವಿದ್ಯಾರ್ಥಿಗಳಲ್ಲಿ ಕೆಲವರು ನಾಳೆ ಖಾಕಿ ತೊಡಬಹುದು. ಉಳಿದವರು ಒಂದಲ್ಲ ಒಂದು ದಿನ ದೂರು ಹಿಡಿದು ಠಾಣೆಗೆ ಹೋಗಬಹುದು. ಮೇಜಿನ ಆಚೆ ಕುಳಿತವರು ಹೇಗೆ ಆಯ್ಕೆಯಾದರು, ಏನು ಕಲಿತು ಬಂದರು ಎಂದು ಕೇಳುವ ಹಕ್ಕು ಮತ್ತು ಹೊಣೆ ಇಬ್ಬರಿಗೂ ಇದೆ.