ಭಾವಚಿತ್ರ ಪಾದ್ರಿಗೆ, ಗಡೀಪಾರು ಬೋಧಕನಿಗೆ

ಹತ್ತೊಂಬತ್ತನೇ ಶತಮಾನದ ಇಂಗ್ಲೆಂಡಿನ ಮೆಥಡಿಸ್ಟ್ ಪಂಥದಲ್ಲಿ ಧರ್ಮಬೋಧಕರು ಎರಡು ಬಗೆ. ಪೂರ್ಣಾವಧಿ ಪಾದ್ರಿಗಳಿಗೆ ಸಾಮಾನ್ಯವಾಗಿ ಮೂರು ವರ್ಷದೊಳಗೆ ವರ್ಗಾವಣೆಯಾಗುತ್ತಿತ್ತು. ದೀಕ್ಷೆ ಪಡೆಯದ ಸ್ಥಳೀಯ ಬೋಧಕರು ವಾರವಿಡೀ ದುಡಿದು, ಭಾನುವಾರ ಸಂಬಳವಿಲ್ಲದೆ ಪ್ರಸಂಗ ಮಾಡುತ್ತಿದ್ದರು.

ಜಾನ್ ವೆಸ್ಲಿ 1778ರಲ್ಲಿ ಆರಂಭಿಸಿದ ‘ಆರ್ಮೀನಿಯನ್ ಮ್ಯಾಗಜಿನ್’ ಬೋಧಕರ ಜೀವನವೃತ್ತಾಂತ ಹಾಗೂ ಕೆತ್ತನೆಯ ಭಾವಚಿತ್ರಗಳನ್ನು ಪ್ರಕಟಿಸಿತು. 1822ರಲ್ಲಿ ಅದು ‘ವೆಸ್ಲಿಯನ್ ಮೆಥಡಿಸ್ಟ್ ಮ್ಯಾಗಜಿನ್’ ಎಂದು ಹೆಸರು ಬದಲಿಸಿತು. ಅದರ ಭಾವಚಿತ್ರಗಳ ಗೌರವ ಹೆಚ್ಚಾಗಿ ಸಂದದ್ದು ಪಾದ್ರಿಗಳಿಗೆ.

ಸ್ಥಳೀಯ ಬೋಧಕರ ಬದುಕು ತಿಳಿಯಲು ಅನೇಕ ವೇಳೆ ಬೇರೆ ದಾಖಲೆಗಳನ್ನೇ ನೋಡಬೇಕು. ಡಾರ್ಸೆಟ್ ಪ್ರಾಂತ್ಯದ ಟಾಲ್‌ಪಡಲ್ ಗ್ರಾಮದ ಜಾರ್ಜ್ ಲವ್‌ಲೆಸ್ ಇದಕ್ಕೆ ನಿದರ್ಶನ. ಕೃಷಿ ಕೂಲಿಯಾಗಿದ್ದ ಈ ಬೋಧಕರು, ವಾರದ ಕೂಲಿ 7 ಶಿಲಿಂಗ್‌ಗೆ ಇಳಿದು 6ಕ್ಕೆ ಕುಸಿಯುವ ಭೀತಿ ಎದುರಾದಾಗ, 1833ರಲ್ಲಿ ಕಾರ್ಮಿಕ ಸಂಘ ಕಟ್ಟಿದರು. ಸಂಘಟನೆ ಆಗ ಕಾನೂನುಬಾಹಿರವಾಗಿರಲಿಲ್ಲ. ಆದರೂ ರಹಸ್ಯ ಪ್ರಮಾಣ ಬೋಧಿಸಿದ ಆರೋಪದ ಮೇಲೆ 1834ರ ಮಾರ್ಚ್‌ನಲ್ಲಿ ಅವರೂ ಸೇರಿ 6 ಮಂದಿಗೆ 7 ವರ್ಷಗಳ ಗಡೀಪಾರು ಶಿಕ್ಷೆಯಾಯಿತು. ಅವರನ್ನು ಆಸ್ಟ್ರೇಲಿಯಾಕ್ಕೆ ಸಾಗಿಸಲಾಯಿತು. ವ್ಯಾಪಕ ಜನಾಂದೋಲನದ ಫಲವಾಗಿ 1836ರಲ್ಲಿ ಕ್ಷಮಾದಾನ ದೊರೆಯಿತು.

ಇದೇ ಹಾದಿಯಲ್ಲಿ ಪ್ರಿಮಿಟಿವ್ ಮೆಥಡಿಸ್ಟ್ ಬೋಧಕ ಜೋಸೆಫ್ ಆರ್ಚ್ 1872ರಲ್ಲಿ ಕೃಷಿ ಕಾರ್ಮಿಕರ ರಾಷ್ಟ್ರೀಯ ಸಂಘದ ನಾಯಕತ್ವ ವಹಿಸಿ, 1885ರಲ್ಲಿ ಸಂಸತ್ತಿಗೆ ಆಯ್ಕೆಯಾದರು. ಜನರೆದುರು ನಿರ್ಭೀತಿಯಿಂದ ಮಾತನಾಡುವುದನ್ನು ಇಂಥವರು ಕಲಿತದ್ದು ಪ್ರಾರ್ಥನಾ ಮಂದಿರದಲ್ಲಿ. ಆ ಮಾತಿಗೆ ಬೆಲೆ ತೆತ್ತದ್ದು ನ್ಯಾಯಾಲಯದಲ್ಲಿ.